ವ್ಯಾಸರಾಯರು: ಪೂಜೆಯ ಸಂಗೀತ ಮತ್ತು ಕನ್ನಡ

ಹರಿದಾಸ ಸಾಹಿತ್ಯದ ಚರ್ಚೆಯಲ್ಲಿ ವ್ಯಾಸರಾಯರ ಹೆಸರು ಸಾಮಾನ್ಯವಾಗಿ ಪುರಂದರದಾಸರ, ಕನಕದಾಸರ ಗುರುವೆಂಬ ನೆಲೆಯಲ್ಲಿ ಬಂದುಹೋಗುತ್ತದೆ. ದರ್ಶನಶಾಸ್ತ್ರದ ವಿದ್ವಾಂಸರಿಗಾದರೆ ಅವರು ‘ನ್ಯಾಯಾಮೃತ’, ‘ತರ್ಕತಾಂಡವ’, ‘ತಾತ್ಪರ್ಯಚಂದ್ರಿಕಾ’ಗಳ ಕರ್ತೃ. ಈ ಎರಡು ಮುಖಗಳು ಬೇರೆ ಬೇರೆ ಅಧ್ಯಯನ ಶಿಸ್ತುಗಳ ಪಾಲಾಗಿರುವುದರಿಂದ, ದೇವರ ಸನ್ನಿಧಿಯಲ್ಲಿ ಯಾವ ಭಾಷೆಯ ಹಾಡು ಸಲ್ಲಬೇಕು ಎಂಬ ಪ್ರಶ್ನೆ ಅವರ ಬದುಕಿನಲ್ಲಿ ಪಡೆದಿದ್ದ ಮಹತ್ವ ಮರೆಯಾಗಿಯೇ ಉಳಿದಿದೆ.

ಹದಿನೈದನೆಯ ಶತಮಾನದಲ್ಲಿ ಮೈಸೂರು ಸೀಮೆಯ ಬನ್ನೂರಿನಲ್ಲಿ ಜನಿಸಿದ ಅವರು ಬಾಲ್ಯದಲ್ಲಿಯೇ ಅಬ್ಬೂರಿನ ಬ್ರಹ್ಮಣ್ಯತೀರ್ಥರ ಆಶ್ರಯಕ್ಕೆ ಬಂದು ಸಂನ್ಯಾಸ ಪಡೆದರು. ಅನಂತರ ಮುಳಬಾಗಿಲಿನ ಶ್ರೀಪಾದರಾಜರಲ್ಲಿ ಶಾಸ್ತ್ರಾಭ್ಯಾಸ ನಡೆಯಿತು. ಈ ಗುರುಕುಲವಾಸವೇ ನಿರ್ಣಾಯಕವಾದುದು. ವೇದಘೋಷ, ಸಂಸ್ಕೃತ ಸ್ತೋತ್ರಗಳಿಗೆ ಮಾತ್ರ ಮೀಸಲೆಂದು ಭಾವಿಸಲಾಗಿದ್ದ ಮಠದ ಪೂಜೆಯಲ್ಲಿ ಶ್ರೀಪಾದರಾಜರು ಕನ್ನಡ ದೇವರನಾಮಗಳನ್ನು ಹಾಡಿಸುತ್ತಿದ್ದರೆಂದೂ ಪಂಡಿತರಿಗೆ ಅದು ಸಹನೆಯಾಗಲಿಲ್ಲವೆಂದೂ ಸಂಪ್ರದಾಯ ಹೇಳುತ್ತದೆ. ನರಹರಿತೀರ್ಥರ ಹೆಸರಿನಲ್ಲಿ ದೊರೆಯುವ ಕೆಲವೇ ಕೃತಿಗಳನ್ನು ಬಿಟ್ಟರೆ ಈ ಪರಂಪರೆಗೆ ಅಲ್ಲಿಯವರೆಗೆ ಹೆಚ್ಚಿನ ಹಿನ್ನೆಲೆಯಿರಲಿಲ್ಲ.

ತಿರುಪತಿಯಲ್ಲಿ ಕೆಲಕಾಲ ಇದ್ದು ವ್ಯಾಸರಾಯರು ವಿಜಯನಗರಕ್ಕೆ ಬಂದರು. ಕೃಷ್ಣದೇವರಾಯನ (1509-1529) ಕಾಲದಲ್ಲಿ ಅವರಿಗೆ ದೊರೆತ ರಾಜಮನ್ನಣೆ ಸುಪ್ರಸಿದ್ಧ. ಅದನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ಗಮನಿಸಬೇಕಾದುದು, ಆಸ್ಥಾನದ ವಾದಸಭೆಗಳಲ್ಲಿ ತರ್ಕದ ಭಾಷೆಯನ್ನಾಡಿದ ಯತಿಯೇ ‘ಶ್ರೀಕೃಷ್ಣ’ ಅಂಕಿತದಲ್ಲಿ ಕನ್ನಡ ಪದ, ಉಗಾಭೋಗ, ಸುಳಾದಿಗಳನ್ನು ರಚಿಸಿದನೆಂಬುದು. ಅಂಥ ಅಧಿಕಾರಸ್ಥಾನದಲ್ಲಿದ್ದವರು ಹಾಡಿದ ಮೇಲೆ ಕನ್ನಡವು ಪೂಜೆಗೆ ಅನರ್ಹವೆಂದು ವಾದಿಸುವುದು ಸುಲಭವಾಗಿರಲಿಲ್ಲ.

ಸುಳಾದಿಯನ್ನು ತೀರ ಹೊಸದೆಂದು ಕರೆಯುವುದೂ ಸರಿಯಾಗದು. ಅದರ ಮೂಲ ಸಂಗೀತಶಾಸ್ತ್ರ ಗ್ರಂಥಗಳು ವಿವರಿಸುವ ಸಾಲಗಸೂಡ ಪ್ರಬಂಧಗಳಲ್ಲಿದೆ. ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ ಎಂಬ ತಾಳಗಳು ಒಂದೇ ರಚನೆಯೊಳಗೆ ಬದಲಾಗುತ್ತ ಸಾಗುವುದು ಅದರ ಲಕ್ಷಣ. ಉಗಾಭೋಗಕ್ಕಾದರೋ ತಾಳದ ಕಟ್ಟಿಲ್ಲ. ಹಳೆಯ ಪ್ರಬಂಧದ ಚೌಕಟ್ಟಿನಲ್ಲಿ ದ್ವೈತ ತತ್ತ್ವವನ್ನು ಕನ್ನಡದಲ್ಲಿ ತುಂಬಿದ್ದು ಹೊಸತು. ಪುರಂದರದಾಸರು (ಮರಣ 1564) ಇದನ್ನೇ ಅಪಾರವಾಗಿ ಬೆಳೆಸಿದರು.

ಹಾಡಿನ ಪ್ರಶ್ನೆ ಹಾಡುವವರ ಪ್ರಶ್ನೆಯೂ ಆಗಿತ್ತು. ಕನಕದಾಸರಿಗೆ ಗುರುಗಳು ತೋರಿದ ಆದರವನ್ನು ಮಠದ ವಿದ್ವಾಂಸರು ಆಕ್ಷೇಪಿಸಿದರೆಂಬ ಐತಿಹ್ಯಗಳು ಹಲವಿವೆ. ಅವುಗಳ ಪ್ರತಿಯೊಂದು ವಿವರವನ್ನು ಚರಿತ್ರೆಯೆಂದು ಒಪ್ಪಬೇಕಾಗಿಲ್ಲ. ಆದರೆ ವ್ಯಾಸಕೂಟ, ದಾಸಕೂಟಗಳೆಂಬ ವಿಭಾಗದ ಹಿಂದಿನ ತಿಕ್ಕಾಟವನ್ನು ಅವು ಕಾಪಾಡಿಕೊಂಡಿವೆ. ಎರಡೂ ಕೂಟಗಳಿಗೆ ಆಶ್ರಯವಾದವರು ವ್ಯಾಸರಾಯರೇ. ಹಾಗೆಂದು ಅವರನ್ನು ಆಧುನಿಕ ಅರ್ಥದ ಸಮಾಜ ಸುಧಾರಕರೆಂದು ಬಣ್ಣಿಸುವುದು ಅತಿಯಾದೀತು. ಮಠದ ಆಚಾರವನ್ನು ಅವರು ಬಿಟ್ಟುಕೊಟ್ಟವರಲ್ಲ.

ಅವರ ಪದಗಳ ಸಾಹಿತ್ಯ ಉಳಿದಷ್ಟು ಮಟ್ಟು ಉಳಿಯಲಿಲ್ಲ. ಸ್ವರಲಿಪಿಯಿಲ್ಲದೆ ಬಾಯಿಂದ ಬಾಯಿಗೆ ಬಂದ ಹಾಡುಗಳಿಗೆ ಆಯಾ ಕಾಲದ ಗಾಯಕರು ರಾಗ ಹೊಂದಿಸಿದ್ದಾರೆ. ಬಾಲಕೃಷ್ಣನನ್ನು ಕರೆಯುವ ಅವರ ಪ್ರಸಿದ್ಧ ಪದ ಇಂದು ಯಮುನಾಕಲ್ಯಾಣಿಯಲ್ಲಿ ಕೇಳಿಬರುತ್ತದೆ. ಇಪ್ಪತ್ತನೆಯ ಶತಮಾನದಲ್ಲಿ ಟಿ. ಬಾಲಸರಸ್ವತಿಯವರ ಅಭಿನಯದಿಂದ ಅದು ನೃತ್ಯರಂಗದಲ್ಲೂ ಹೆಸರಾಯಿತು. ಉತ್ತರ ಕರ್ನಾಟಕದಲ್ಲಿ ದಾಸರ ಪದಗಳು ಹಿಂದೂಸ್ತಾನಿ ರಾಗಗಳನ್ನು ಹೊದ್ದವು. ಭೀಮಸೇನ ಜೋಶಿಯವರ ದಾಸವಾಣಿ ಅದಕ್ಕೆ ನಿದರ್ಶನ. ಭಜನೆಯಲ್ಲಿ ಸಾಂಪ್ರದಾಯಿಕವೆಂದು ಪರಿಗಣಿಸುವ ಮಟ್ಟುಗಳಲ್ಲಿ ಎಷ್ಟೋ ಹೀಗೆ ಈಚಿನವೇ ಆಗಿರುವ ಸಾಧ್ಯತೆಯನ್ನು ಸಂಶೋಧಕರು ಮರೆಯಬಾರದು.

1539ರಲ್ಲಿ ವ್ಯಾಸರಾಯರು ಕಾಲವಾದರು. ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಆನೆಗೊಂದಿಯ ಬಳಿ, ತುಂಗಭದ್ರೆಯ ನಡುಗಡ್ಡೆಯಾದ ನವವೃಂದಾವನದಲ್ಲಿ ಪದ್ಮನಾಭತೀರ್ಥರೇ ಮೊದಲಾದ ಯತಿಗಳ ಸಾಲಿನಲ್ಲಿ ಅವರ ವೃಂದಾವನವಿದೆ. 2019ರ ಜುಲೈನಲ್ಲಿ ದುಷ್ಕರ್ಮಿಗಳು ಅದನ್ನು ಕೆಡವಿದರು. ಕೆಲವೇ ದಿನಗಳಲ್ಲಿ ಭಕ್ತರು ಮತ್ತು ಯತಿಗಳು ಸೇರಿ ಅದನ್ನು ಅದೇ ಸ್ಥಳದಲ್ಲಿ ಪುನಃ ನಿಲ್ಲಿಸಿದರು.