ಟಿಕೆಟ್ ಇಲ್ಲದ ಆಟದಲ್ಲಿ ಇವತ್ತಿಗೂ ಕೇಳುವ ಕಾಳಿಂಗ ನಾವಡರ ಹಾದಿ

ಉಡುಪಿ: ಬೇಸಿಗೆ ಅಂದರೆ ನಮ್ಮಲ್ಲಿ ಮದುವೆ, ಕೋಲ, ಅದರ ಜೊತೆಗೆ ಆಟ. ಉಡುಪಿ, ಕಾಪು, ಕಾರ್ಕಳ ಎಲ್ಲೇ ಆಗಲಿ, ಹರಕೆ ಆಟ ಅಂದ ಮೇಲೆ ಟಿಕೆಟ್ ಇಲ್ಲ. ಖರ್ಚು ಆಡಿಸುವವರದ್ದು, ನೋಡ್ಲಿಕ್ಕೆ ಯಾರೂ ಬರಬಹುದು. ಅಂಗಡಿ ಶಟರ್ ಎಳೆದು ಹೋಗಿ ಕೂತರಾಯ್ತು. ಹಾಗೆ ಕೂತಾಗ ಬಡಗಿನ ಯಾವ ಭಾಗವತರು ಪದ ಎತ್ತಿದರೂ ಹಿರಿಯರು ಹೋಲಿಸುವುದು ಒಬ್ಬರಿಗೇ. ಅವರು ಗುಂಡ್ಮಿ ಕಾಳಿಂಗ ನಾವಡರು. ತೀರಿಹೋಗಿ 3 ದಶಕ ಕಳೆದಿದೆ.

ನಾವಡರು ಹುಟ್ಟಿದ್ದು 1958ರ ಜೂನ್ 6ರಂದು. ಊರು ಗುಂಡ್ಮಿ, ಉಡುಪಿಯಿಂದ ಕುಂದಾಪುರಕ್ಕೆ ಹೋಗುವಾಗ ಸಾಸ್ತಾನ ದಾಟಿದ ಮೇಲೆ, ಸಾಲಿಗ್ರಾಮಕ್ಕಿಂತ ಮೊದಲು ಸಿಗುತ್ತದೆ. ಆಗ ಉಡುಪಿ ಜಿಲ್ಲೆ ಅಂತ ಇರಲಿಲ್ಲ, ಅದು ಆಗಿದ್ದು 1997ರಲ್ಲಿ. ತಂದೆ ರಾಮಚಂದ್ರ ನಾವಡರೂ ಭಾಗವತರೇ. ಹಾಗಾಗಿ ಪದ, ತಾಳ ಎರಡೂ ಮನೆಯಲ್ಲೇ ಕಿವಿಗೆ ಬಿದ್ದದ್ದು. ಆಮೇಲೆ ಹೆಸರಾಂತ ಭಾಗವತ ನಾರ್ಣಪ್ಪ ಉಪ್ಪೂರರ ಶಿಷ್ಯರಾದರು. ಉಪ್ಪೂರರು ಹಳೇ ಕ್ರಮದ ಗಟ್ಟಿ ಗುರು.

ಭಾಗವತ ಅಂದರೆ ಬರೀ ಹಾಡುವವರಲ್ಲ. ಅವರನ್ನು ಒಂದನೇ ವೇಷ ಅಂತ ಕರೆಯುವುದು ಸುಮ್ಮನೆ ಅಲ್ಲ. ಯಾವ ವೇಷ ಯಾವಾಗ ಬರಬೇಕು, ಎಷ್ಟು ಕುಣಿಯಬೇಕು, ಮಾತು ಎಲ್ಲಿಗೆ ನಿಲ್ಲಬೇಕು, ಎಲ್ಲ ಅವರ ಕೈಯಲ್ಲಿ. ಮದ್ದಳೆ, ಚೆಂಡೆ ಅವರ ತಾಳವನ್ನು ನೋಡಿಯೇ ನಡೆಯುವುದು. ಈ ಜವಾಬ್ದಾರಿ ನಾವಡರ ಹೆಗಲಿಗೆ ತೀರಾ ಸಣ್ಣ ಪ್ರಾಯದಲ್ಲೇ ಬಂತು.

ಅವರು ದೊಡ್ಡ ಹೆಸರು ಮಾಡಿದ್ದು ಸಾಲಿಗ್ರಾಮ ಮೇಳದಲ್ಲಿ. ಅದು ಡೇರೆ ಮೇಳ, ಒಳಗೆ ಹೋಗ್ಲಿಕ್ಕೆ ಟಿಕೆಟ್ ಬೇಕು. ಆಚೆ ಸಿನಿಮಾ ಟಾಕೀಸು ಜನರನ್ನು ಎಳೆಯುತ್ತಿದ್ದ ಕಾಲ. ಡೇರೆ ತುಂಬದಿದ್ದರೆ ಆಟ ಆಡಿಸಿದವರಿಗೆ ನಷ್ಟ. ಅಂಥ ಹೊತ್ತಲ್ಲಿ ವೇಷಧಾರಿಯ ಹೆಸರಿಗೆ ಬರುವ ಹಾಗೆ ಭಾಗವತರ ಹೆಸರಿಗೂ ಜನ ಬಂದರು. ನಾವಡರು ಹಿಂದೂಸ್ತಾನಿ ರಾಗಗಳ ಛಾಯೆಯನ್ನು ಪದಕ್ಕೆ ತಂದರು. ಒಂದೇ ಸಾಲನ್ನು ಬೇರೆ ಬೇರೆ ರೀತಿ ತಿರುಗಿಸಿ ಹಾಡುತ್ತಿದ್ದರು. ಪ್ರಸಂಗವನ್ನೂ ಬರೆದರು, ಅವರ ನಾಗಶ್ರೀ ಭಾರೀ ಓಡಿತು. ಕ್ಯಾಸೆಟ್ ಬಂದ ಮೇಲಂತೂ ಆಟ ಇಲ್ಲದ ಮಳೆಗಾಲದಲ್ಲೂ ಅವರ ಸ್ವರ ಮನೆಮನೆಯಲ್ಲಿ. ತೆಂಕುತಿಟ್ಟು ನೋಡಿ ಬೆಳೆದ ಕಾಪು, ಕಾರ್ಕಳದವರಿಗೂ ಅವರು ಗೊತ್ತು.

ಎಲ್ಲರೂ ಮೆಚ್ಚಿದರು ಅಂತಲ್ಲ. ರಾಗ ಎಳೆದರೆ ಕುಣಿತ, ಕಥೆ ಹಿಂದೆ ಬೀಳ್ತದೆ, ಇದು ಯಕ್ಷಗಾನದ ಮಟ್ಟು ಅಲ್ಲ ಅನ್ನುವ ತಕರಾರು ಆಗಲೂ ಇತ್ತು, ಈಗಲೂ ಇದೆ. ಆ ಮಾತನ್ನು ತಳ್ಳಿಹಾಕುವ ಹಾಗಿಲ್ಲ. ಆದರೆ ನಾವಡರು ಹಳತನ್ನು ಗುರುಗಳ ಹತ್ತಿರ ಕೂತು ಕಲಿತು, ಆಮೇಲೆ ಹೊಸತಕ್ಕೆ ಕೈ ಹಾಕಿದವರು. ಇವತ್ತು ಕೆಲವರು ಅವರ ಸ್ವರದ ತಿರುವನ್ನು ಮಾತ್ರ ಹಿಡಿಯುತ್ತಾರೆ, ಅದರ ಹಿಂದಿನ ಕಲಿಕೆಯನ್ನಲ್ಲ. ಚಪ್ಪಾಳೆ ಮಾತ್ರ ತಿರುವಿಗೇ ಬೀಳುವುದು.

1990ರ ಮೇ 27ರಂದು ರಸ್ತೆ ಅಪಘಾತದಲ್ಲಿ ನಾವಡರು ತೀರಿಕೊಂಡರು. ತಿರುಗಾಟ ಮುಗಿದು ಮೇಳಗಳು ಗೆಜ್ಜೆ ಬಿಚ್ಚುವ ದಿನಗಳವು. 32 ತುಂಬ್ಲಿಕ್ಕೆ ಇನ್ನು 10 ದಿನ ಇತ್ತು. ಒಬ್ಬ ಭಾಗವತರ ಸ್ವರ, ಅನುಭವ ಎರಡೂ ಪಕ್ವ ಆಗುವ ಪ್ರಾಯ ಅದು. ನಲವತ್ತರಲ್ಲಿ, ಐವತ್ತರಲ್ಲಿ ಅವರು ಹೇಗೆ ಹಾಡುತ್ತಿದ್ದರೋ, ಹೊಸತರಲ್ಲಿ ಯಾವುದನ್ನು ಇಟ್ಟುಕೊಂಡು ಯಾವುದನ್ನು ಬಿಡುತ್ತಿದ್ದರೋ, ಅದನ್ನು ಕೇಳುವ ಭಾಗ್ಯ ನಮಗಿಲ್ಲ.

ಒಂದು ಕಾಲಕ್ಕೆ ದುಡ್ಡು ಕೊಟ್ಟು ಡೇರೆಯೊಳಗೆ ಕೇಳಿದ ಆ ಶೈಲಿ ಈಗ ಬಯಲಲ್ಲಿ ಪುಕ್ಕಟೆ ಸಿಗ್ತದೆ. ಈಗೀಗ ಬಹಳ ಆಟಗಳು ಮಧ್ಯರಾತ್ರಿಗೇ ಮುಗಿಯುವುದರಿಂದ ಬೆಳಿಗ್ಗೆ ಅಂಗಡಿ ತೆಗೀಲಿಕ್ಕೂ ತೊಂದರೆ ಇಲ್ಲ. ಈ ಸಲ ನಿಮ್ಮ ಪೇಟೆಯಲ್ಲಿ ಬಡಗಿನ ಆಟ ಇದ್ದರೆ ಭಾಗವತರು ಕಾಣುವ ಜಾಗದಲ್ಲಿ ಕೂತುಕೊಳ್ಳಿ. ಪದ ಎಳೆಯುವಾಗ ಕುಣಿಯುವವರ ಕಾಲಿನ ಕಡೆಗೂ ಒಮ್ಮೆ ನೋಡಿ. ಹಾಡಿಗೆ ಹೆಜ್ಜೆ ಸೇರ್ತದಾ ಇಲ್ಲವಾ ಅನ್ನುವುದು ಅಲ್ಲೇ ಗೊತ್ತಾಗ್ತದೆ.