ಪರರ ಮಕ್ಕಳಿಗೆ ತಂದೆಯಾದ ಮೋಗ್ಲಿಂಗ್

ಕೊಡ್ಲಿಪೇಟೆಯಲ್ಲಿ ಪೇಪರ್ ಮಡಚಿ ಕಂಕುಳಲ್ಲಿಟ್ಟುಕೊಂಡು ಸೋಮವಾರಪೇಟೆ, ಮಡಿಕೇರಿ ಬಸ್ಸು ಹತ್ತುವವರಿಗೇನೂ ಕಮ್ಮಿಯಿಲ್ಲ. ಅಂಗಡಿ ಗಲ್ಲಾದ ಮೇಲೂ ಒಂದು ಪೇಪರ್ ಇದ್ದೇ ಇರುತ್ತೆ. ಆದರೆ ಕನ್ನಡದಲ್ಲಿ ಮೊಟ್ಟಮೊದಲು ಪೇಪರ್ ಹೊರಡಿಸಿದ ಪುಣ್ಯಾತ್ಮ ಯಾರು ಅಂದ್ರೆ ತಲೆ ಕೆರೆದುಕೊಳ್ಳುವವರೇ ಹೆಚ್ಚು. ಆತ ಕೊಡಗಿನಲ್ಲೂ ವರ್ಷಗಟ್ಟಲೆ ಇದ್ದವನೆಂದರೆ ಇನ್ನೂ ಆಶ್ಚರ್ಯ!

ಅವರೇ ಹರ್ಮನ್ ಮೋಗ್ಲಿಂಗ್. ಜರ್ಮನಿಯ ಬ್ರಾಕೆನ್‌ಹೈಮ್ ಎಂಬ ಊರಿನಲ್ಲಿ 1811ರಲ್ಲಿ ಜನನ. ಟ್ಯೂಬಿಂಗನ್‌ನಲ್ಲಿ ದೇವಶಾಸ್ತ್ರ ಓದಿ, ಬಾಸೆಲ್ ಮಿಶನ್ ಸೇರಿ, 1836ರಲ್ಲಿ ಮಂಗಳೂರಿಗೆ ಬಂದಿಳಿದರು. ಆಗ ವಯಸ್ಸು ಬರೀ 25.

ದೇವರನ್ನು ತಂದೆ ಎಂದು ಕರೆದು ಪ್ರಾರ್ಥಿಸುವುದು ಕ್ರೈಸ್ತರ ಪದ್ಧತಿ. ಬಾಯಲ್ಲಿ ಕರೆಯುವುದು ಸುಲಭ. ಆ ತಂದೆಯ ಮಗನಾಗಿ ನಾಲ್ಕು ಜನರ ನಡುವೆ ಬದುಕಿ ತೋರಿಸುವುದು ಕಷ್ಟದ ಮಾತು. ಮೋಗ್ಲಿಂಗ್ ಆ ಕಷ್ಟಕ್ಕೇ ಕೈಹಾಕಿದವರು. ಮಂಗಳೂರಿನಲ್ಲಿ ಹುಡುಗರ ಶಾಲೆ ನಡೆಸಿದರು. ಬಂಗಲೆಯಲ್ಲಿ ದೊರೆಯಂತೆ ಕೂರಲಿಲ್ಲ. ಹುಡುಗರ ಜೊತೆಗೇ ವಾಸ, ಅವರ ಜೊತೆಗೇ ಊಟ. ಪಾಠ ಹೇಳುವ ಮೇಷ್ಟ್ರೂ ಅವರೇ, ಮನೆಯ ಹಿರಿಯನೂ ಅವರೇ.

ಇದರ ನಡುವೆಯೇ ಅಚ್ಚಿನ ಕೆಲಸ. 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ಮಂಗಳೂರ ಸಮಾಚಾರ ಹೊರಬಂತು. ಆ ದಿನವನ್ನೇ ಇವತ್ತಿಗೂ ಪತ್ರಿಕಾ ದಿನ ಎಂದು ಆಚರಿಸುವುದು. ಮುಂದೆ ಕ್ಯಾಸಮೇಜರ್ ಎಂಬ ನಿವೃತ್ತ ನ್ಯಾಯಾಧೀಶರ ಹಣದ ನೆರವಿನಿಂದ ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳನ್ನೆಲ್ಲ ಅಚ್ಚು ಹಾಕಿಸಿದರು. ಪಾದ್ರಿಯೊಬ್ಬ ಪುರಂದರದಾಸರನ್ನು ಅಚ್ಚಿಗೆ ತಂದ! ಈ ಕೆಲಸ ಮೆಚ್ಚಿ ಟ್ಯೂಬಿಂಗನ್ ವಿಶ್ವವಿದ್ಯಾಲಯ 1858ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು.

ಆದರೆ ಪರರ ಮಕ್ಕಳಿಗೆ ತಂದೆಯಾಗುವುದು ಅಂದ್ರೆ ಹೂವಿನ ಹಾಸಿಗೆ ಅಲ್ಲ. 1844ರ ಜನವರಿಯಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ಯುವಕ ದೀಕ್ಷಾಸ್ನಾನ ಪಡೆದ. ಜೊತೆಗೆ ಇನ್ನಿಬ್ಬರು ಯುವಕರು. ಮಂಗಳೂರು ಪೇಟೆಯೆಲ್ಲ ಗಲಾಟೆ. ಹೆತ್ತು ಸಾಕಿದವರಿಗೆ ಮಗ ಕೈಬಿಟ್ಟು ಹೋದ ಸಂಕಟ. ಕೈಹಿಡಿದ ಹೆಂಡತಿಯೂ ಆನಂದರಾಯರ ಹಿಂದೆ ಬರಲಿಲ್ಲ. ಪರಲೋಕದ ತಂದೆಯನ್ನು ಹುಡುಕಿ ಹೊರಟವನಿಗೆ ಹುಟ್ಟಿದ ಮನೆಯ ಬಾಗಿಲು ಮುಚ್ಚಿತು. ಆ ಮನೆಯವರ ಕಣ್ಣೀರು ಸುಳ್ಳಲ್ಲ, ಹುಡುಗನ ನಂಬಿಕೆಯೂ ಸುಳ್ಳಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಯಾರಿಗೂ ಆಗದ ಕೆಲಸ.

ಮೋಗ್ಲಿಂಗ್ ಮಾತ್ರ ದೀಕ್ಷೆ ಕೊಟ್ಟು ಕೈತೊಳೆದುಕೊಳ್ಳಲಿಲ್ಲ. ಮನೆ ಕಳೆದುಕೊಂಡವನಿಗೆ ಮನೆಯಾದರು. ತಮ್ಮ ಹರ್ಮನ್ ಎಂಬ ಹೆಸರನ್ನೇ ಕೊಟ್ಟರು. 1846ರಲ್ಲಿ ಬಾಸೆಲ್‌ಗೆ ಕರೆದೊಯ್ದು ಓದಿಗೆ ಹಾಕಿದರು. 1851ರಲ್ಲಿ ಕೌಂಡಿನ್ಯರು ಗುರುದೀಕ್ಷೆ ಪಡೆದು ಊರಿಗೆ ಮರಳಿದರು.

ಇನ್ನು ಕೊಡಗಿನ ಕಥೆ. ಆಲಮಂಡ ಸೋಮಯ್ಯ ಎಂಬ ಕೊಡವರು ಕಾವಿ ಉಟ್ಟು ಸಂನ್ಯಾಸಿಯಾಗಿದ್ದರು. ದೇವರನ್ನು ಹುಡುಕುತ್ತಾ ಮಂಗಳೂರಿಗೆ ಬಂದು ಮೋಗ್ಲಿಂಗ್‌ರನ್ನು ಕಂಡರು. 1853ರ ಜನವರಿಯಲ್ಲಿ ದೀಕ್ಷಾಸ್ನಾನವಾಗಿ ಸ್ತೆಫನ ಎನಿಸಿಕೊಂಡರು. ಊರಿಗೆ ಹೋದರೆ ನೆಂಟರಿಷ್ಟರು ಹೊರಗಿಟ್ಟರು. ಒಕ್ಕದಿಂದ ಹೊರಬಿದ್ದ ಕೊಡವನ ಪಾಡು ಏನೆಂದು ಕೊಡಗಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಇಂಥ ಹೊತ್ತಿನಲ್ಲಿ ಒಬ್ಬನನ್ನೇ ಬಿಡುವುದುಂಟೇ? ಮೋಗ್ಲಿಂಗ್ ಸೋಮಯ್ಯನವರ ಬೆನ್ನಿಗೆ ನಿಂತು ಘಟ್ಟ ಹತ್ತಿಯೇ ಬಿಟ್ಟರು. ಮಿಶನ್ನಿನ ಅಪ್ಪಣೆಗೂ ಕಾಯಲಿಲ್ಲ. ಕೊಡಗಿನ ರಾಜರ ಚರಿತ್ರೆ, ಇಲ್ಲಿಯ ಜನಜೀವನ, ಸೋಮಯ್ಯನವರ ಕಥೆ ಎಲ್ಲ ಸೇರಿಸಿ 1855ರಲ್ಲಿ ಇಂಗ್ಲಿಷಿನಲ್ಲಿ ಕೊಡಗಿನ ಮೇಲೆ ಪುಸ್ತಕವನ್ನೂ ಹೊರತಂದರು.

ಅದೇ ವರ್ಷ ಜೊತೆ ಕೆಲಸಗಾರ, ಸಂಬಂಧಿಯೂ ಆದ ಗಾಟ್‌ಫ್ರೀಡ್ ವೈಗ್ಲೆ ತೀರಿಕೊಂಡರು. ಹೆಂಡತಿ ಪೌಲೀನಾ ಪುಟ್ಟ ಮಕ್ಕಳೊಂದಿಗೆ ಒಂಟಿಯಾದರು. ಮೋಗ್ಲಿಂಗ್ ಆಕೆಯನ್ನು ಮದುವೆಯಾಗಿ ಆ ಮಕ್ಕಳಿಗೂ ತಂದೆಯಾದರು.

ಜಮೀನ್ದಾರರ ಗದ್ದೆ ತೋಟಗಳಲ್ಲಿ ತಲೆತಲಾಂತರದಿಂದ ಜೀತ ಮಾಡಿಕೊಂಡಿದ್ದ ಹೊಲೆಯ ಜಾತಿಯ ಕೂಲಿಯವರು ಇವರ ಬಳಿ ಬಂದದ್ದು 1850ರ ದಶಕದ ಕೊನೆಗೆ. ಅವರಿಗೆ ಬರೀ ಬೋಧನೆ ಸಾಕೇ? ನಿಲ್ಲಲು ನೆಲ ಬೇಕು, ಕೈಗೆ ಕೆಲಸ ಬೇಕು. ಸಿದ್ದಾಪುರ, ಅಮ್ಮತ್ತಿ ಸೀಮೆಯಲ್ಲಿ ಕಾಫಿ ತೋಟದೊಂದಿಗೆ ಒಂದು ಊರೇ ಎದ್ದಿತು. ಅದಕ್ಕಾಗಿ ದುಡಿದ ಆನಂದರಾಯರ ಹೆಸರಿನಿಂದ ಅದು ಆನಂದಪುರವಾಯಿತು. ಒಂದು ಕಾಲದಲ್ಲಿ ಮನೆ ಕಳೆದುಕೊಂಡ ಹುಡುಗನೇ ಮನೆಯಿಲ್ಲದವರಿಗೆ ಮನೆ ಕಟ್ಟಿಕೊಟ್ಟ. ತಂದೆ ಮಾಡಿದ್ದನ್ನು ನೋಡಿ ಮಗ ಕಲಿಯುವುದು ಅಂದ್ರೆ ಇದೇ.

1860ರಲ್ಲಿ ಹೆಂಡತಿಯ ಆರೋಗ್ಯ ಕೆಟ್ಟಿತು. ಮೋಗ್ಲಿಂಗ್ ಊರಿಗೆ ಮರಳಿದರು. ಮತ್ತೆ ಈ ನೆಲ ಕಾಣಲಿಲ್ಲ. 1881ರ ಮೇ 10ರಂದು ಎಸ್ಲಿಂಗನ್‌ನಲ್ಲಿ ಕಾಲವಾದರು. ಗೆಳೆಯ ಹರ್ಮನ್ ಗುಂಡರ್ಟ್ ಅವರ ಜೀವನ ಚರಿತ್ರೆ ಬರೆದರು. ಕೌಂಡಿನ್ಯರು ಮಂಗಳೂರಿನಲ್ಲೇ ದುಡಿದು 1893ರಲ್ಲಿ ತೀರಿಕೊಂಡರು.

ಕನ್ನಡಕ್ಕೆ ಮೊದಲ ಪೇಪರ್ ಕೊಟ್ಟವರೆಂದು ಮೋಗ್ಲಿಂಗ್‌ರಿಗೆ ವರ್ಷಕ್ಕೊಮ್ಮೆ ಹಾರ ಬೀಳುತ್ತದೆ. ಬೀಳಲಿ, ಒಳ್ಳೆಯದೇ. ಆದರೆ ಅವರಿಗೆ ಪೇಪರ್ ಒಂದು ಕೆಲಸ, ಅಷ್ಟೇ. ದೇವರು ತಂದೆಯಾದರೆ ದಿಕ್ಕಿಲ್ಲದವನು ತನ್ನ ಮನೆಯವನೇ ಎಂಬುದು ಅವರ ಲೆಕ್ಕ. ಸಿದ್ದಾಪುರದ ಕಡೆ ಬಸ್ಸಿನಲ್ಲಿ ಹೋಗುವಾಗ ಆನಂದಪುರದ ಹೆಸರು ಕಿವಿಗೆ ಬಿದ್ದರೆ ಆ ಲೆಕ್ಕ ನೆನಪಾಗಲಿ.