ವಕೀಲ ಹಳಕಟ್ಟಿಯವರು

ನಮ್ಮ ಆಲಮೇಲದ ಕಡೆ ಕೋರ್ಟು ಎಂದರೆ ಜನರಿಗೆ ಒಂದು ಬಗೆಯ ಅಂಜಿಕೆ. ಹೊಲದ ಬದುವಿನ ತಂಟೆಗೋ, ಅಣ್ಣತಮ್ಮಂದಿರ ಪಾಲಿನ ವ್ಯಾಜ್ಯಕ್ಕೋ ಕಾಗದಪತ್ರಗಳನ್ನು ಅರಿವೆಯಲ್ಲಿ ಸುತ್ತಿಕೊಂಡು ಸಿಂದಗಿಗೂ ವಿಜಯಪುರಕ್ಕೂ ಅಲೆದವರ ಕಥೆಯನ್ನು ಕೇಳದೆ ಬೆಳೆದವರು ನಮ್ಮಲ್ಲಿ ವಿರಳ. ಅಂತಹ ಊರಿನ ಹುಡುಗನೊಬ್ಬನು ಬಿ.ಎ. ಮುಗಿಸಿ ಕಾನೂನು ಓದುತ್ತೇನೆಂದರೆ, ಓದಿದ ಮೇಲೆ ಕೆಲಸ ಸಿಕ್ಕುವುದೇ ಎಂದು ಮನೆಯವರು ಕೇಳುವುದು ಸಹಜವೇ ಆಗಿದೆ. ಮನೆಯಲ್ಲಿ ಮೊದಲು ಪದವಿ ಪಡೆಯುವವನಿಗೆ ಈ ಪ್ರಶ್ನೆಯ ಭಾರ ಇನ್ನೂ ಹೆಚ್ಚು. ಏಕೆಂದರೆ ಕೆಲಸ ಕೊಡುವವರ ಮುಂದೆ ಹೇಗೆ ಕುಳಿತುಕೊಳ್ಳಬೇಕು, ಏನು ಮಾತನಾಡಬೇಕು ಎಂಬುದನ್ನು ಹೇಳಿಕೊಡುವವರು ಅವನ ಮನೆಯಲ್ಲಿ ಯಾರೂ ಇರುವುದಿಲ್ಲ.

ಕಾನೂನು ಪದವೀಧರನ ಮುಂದೆ ಇಂದು ಹಲವು ದಾರಿಗಳಿವೆ. ಹಿರಿಯ ವಕೀಲರ ಕಚೇರಿ, ಬ್ಯಾಂಕುಗಳ ಕಾನೂನು ವಿಭಾಗ, ಕಂಪನಿಗಳು, ಸರಕಾರಿ ಹುದ್ದೆಗಳು ಇತ್ಯಾದಿ. ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಲಿಖಿತ ಪರೀಕ್ಷೆಗಳನ್ನು ದಾಟಿದ ಮೇಲೂ ಮೌಖಿಕ ಪರೀಕ್ಷೆಯುಂಟು. ಹೀಗೆ ಎಲ್ಲಿಗೆ ಹೋದರೂ ಮೇಜಿನ ಆಚೆ ಬಲ್ಲವರು ಕುಳಿತು ಈಚೆಯವನನ್ನು ಪ್ರಶ್ನಿಸುವ ಗಳಿಗೆಯೊಂದು ಬಂದೇ ಬರುತ್ತದೆ. ಅದಕ್ಕಾಗಿ ಮಾದರಿ ಉತ್ತರಗಳ ಪುಸ್ತಕ ಕೊಂಡು ಬಾಯಿಪಾಠ ಮಾಡುವ ಮಿತ್ರರನ್ನು ನಾವೆಲ್ಲ ಬಲ್ಲೆವು. ಅಂತಹ ಪುಸ್ತಕವನ್ನು ಬದಿಗಿಟ್ಟು ನಮ್ಮ ಜಿಲ್ಲೆಯಲ್ಲೇ ಬಾಳಿದ ವಕೀಲರೊಬ್ಬರ ಜೀವನವನ್ನು ಓದಿದರೆ ಹೆಚ್ಚಿನ ಲಾಭವಾದೀತೆಂದು ನನ್ನ ನಂಬಿಕೆ. ಅವರೇ ಡಾ. ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು. ವಚನ ಪಿತಾಮಹರೆಂದು ಅವರನ್ನು ನಾಡೆಲ್ಲ ಬಲ್ಲದು. ಆದರೆ ಅವರು ವೃತ್ತಿಯಿಂದ ವಕೀಲರಾಗಿದ್ದರೆಂಬುದನ್ನು ನಾವು ಒಂದು ವಾಕ್ಯದಲ್ಲಿ ಹೇಳಿ ಮುಂದೆ ಸಾಗುತ್ತೇವೆ.

ಹಳಕಟ್ಟಿಯವರು ೧೮೮೦ನೆಯ ಇಸವಿಯ ಜುಲೈ ೨ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಶಿಕ್ಷಕರು, ಬರೆಹಗಾರರು. ತಾಯಿ ದಾನಮ್ಮನವರನ್ನು ಫಕೀರಪ್ಪನವರು ಎಳೆಯ ವಯಸ್ಸಿನಲ್ಲಿಯೇ ಕಳೆದುಕೊಂಡು ಅಜ್ಜಿಯ ಆರೈಕೆಯಲ್ಲಿ ಬೆಳೆದರು. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾದದ್ದು ೧೯೧೭ರಲ್ಲಿ. ಬೆಳಗಾವಿಯಲ್ಲಿ ಕಾನೂನು ಕಾಲೇಜು ತೆರೆದದ್ದು ೧೯೩೯ರಲ್ಲಿ. ಆದ್ದರಿಂದ ಅಂದಿನ ಧಾರವಾಡದ ತರುಣನು ಪದವಿ ಬೇಕೆಂದರೆ ಊರು ಬಿಡಲೇಬೇಕಾಗಿತ್ತು. ಹಳಕಟ್ಟಿಯವರು ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜನ್ನು ಸೇರಿ ೧೯೦೧ರಲ್ಲಿ ಬಿ.ಎ. ಪದವಿಯನ್ನೂ, ೧೯೦೪ರಲ್ಲಿ ಕಾನೂನು ಪದವಿಯನ್ನೂ ಪಡೆದರು.

ಮುಂಬಯಿಯಲ್ಲಿ ಅವರು ಬರಿಯ ಪಠ್ಯಪುಸ್ತಕಗಳನ್ನು ಓದಿದವರಲ್ಲ. ಅಲ್ಲಿನ ಮರಾಠಿಗರೂ ಗುಜರಾತಿಗಳೂ ತಮ್ಮ ಭಾಷೆಯ ಬಗೆಗೆ ಇಟ್ಟಿದ್ದ ಅಭಿಮಾನವನ್ನು ಕಂಡು, ಕನ್ನಡಕ್ಕಾಗಿ ತಾನೇನು ಮಾಡಬಲ್ಲೆನೆಂಬ ಚಿಂತೆ ಅವರನ್ನು ಹಿಡಿಯಿತು. ೧೯೦೩ರಲ್ಲಿ, ಇನ್ನೂ ಕಾನೂನು ವಿದ್ಯಾರ್ಥಿಯಾಗಿದ್ದಾಗಲೇ, ರಬಕವಿ-ಬನಹಟ್ಟಿಯ ಕಡೆ ಒಂದು ಮನೆಯಲ್ಲಿ ತಾಳೆಗರಿಯ ವಚನಗ್ರಂಥಗಳು ಅವರ ಕಣ್ಣಿಗೆ ಬಿದ್ದವು. ಬಾಳಿನ ಮುಖ್ಯ ಕಾರ್ಯವು ಅವರಿಗೆ ಪದವಿ ಕೈಗೆ ಬರುವ ಮೊದಲೇ ದೊರೆತಿತ್ತೆನ್ನಬಹುದು. ಪದವಿ ಬಂದ ಮೇಲೆ ಸಿದ್ಧತೆ ಆರಂಭಿಸೋಣವೆಂದು ಕಾಯುವ ನಮ್ಮಂಥವರು ಗಮನಿಸಬೇಕಾದ ಮಾತಿದು.

ಪದವಿಯ ನಂತರ ಅವರು ಬೆಳಗಾವಿಯಲ್ಲಿ ವಕೀಲಿ ಆರಂಭಿಸಿ, ಬೇಗನೆ ಬಿಜಾಪುರಕ್ಕೆ ಬಂದು ನೆಲೆಸಿದರು. ಸ್ವತಂತ್ರ ವಕೀಲಿಗೆ ನಿಂತ ತರುಣನನ್ನು ಯಾವ ಸಮಿತಿಯೂ ಕರೆದು ಪರೀಕ್ಷಿಸುವುದಿಲ್ಲ. ಕಕ್ಷಿಗಾರನು ಪರೀಕ್ಷಿಸುತ್ತಾನೆ, ಎದುರು ಪಕ್ಷದ ವಕೀಲನು ಪರೀಕ್ಷಿಸುತ್ತಾನೆ, ನ್ಯಾಯಾಧೀಶರು ದಿನವೂ ಪರೀಕ್ಷಿಸುತ್ತಾರೆ. ಕಡತವನ್ನು ಓದದೆ ಬಂದವನ ಬಂಡವಾಳ ಎರಡನೆಯ ಪ್ರಶ್ನೆಗೇ ಬಯಲಾಗುತ್ತದೆ. ಇಂತಹ ಒರೆಗಲ್ಲಿನ ಮೇಲೆ ನಿಂತ ಹಳಕಟ್ಟಿಯವರು ಬಿಜಾಪುರದಲ್ಲಿ ಸರಕಾರಿ ವಕೀಲರ ಹುದ್ದೆಗೂ ಏರಿದರು.

ಆದರೆ ಅವರಿಗೆ ಅತ್ಯಂತ ಕಠಿಣವಾದ ಸಂದರ್ಶನಗಳು ನಡೆದದ್ದು ಕೋರ್ಟಿನಲ್ಲಲ್ಲ, ಹಳ್ಳಿಗಳ ಮನೆಗಳಲ್ಲಿ ಮತ್ತು ಮಠಗಳಲ್ಲಿ. ತಾಳೆಗರಿಯ ಕಟ್ಟುಗಳನ್ನು ಜನರು ಜಗುಲಿಯ ಮೇಲಿಟ್ಟು ಪೂಜಿಸುತ್ತಿದ್ದರು. ಅವುಗಳನ್ನು ಓದುವವರು ಕಡಿಮೆ, ಪರರಿಗೆ ಕೊಡುವವರು ಇನ್ನೂ ಕಡಿಮೆ. ಕೋಟು ಹಾಕಿಕೊಂಡು ಬಂದ ವಕೀಲನೊಬ್ಬನು ದೇವರ ಮನೆಯ ಕಟ್ಟನ್ನು ಕೇಳಿದರೆ ಮನೆಯ ಹಿರಿಯರು ಸುಮ್ಮನೆ ಕೊಟ್ಟಾರೆಯೇ? ಈತನು ಯಾರು, ಏತಕ್ಕೆ ಬೇಕು, ಹಿಂದಿರುಗಿಸುವ ಭರವಸೆ ಏನು ಎಂಬ ಸಂಶಯ ಬರುವುದು ಸ್ವಾಭಾವಿಕ. ಅಲ್ಲಿ ಇಂಗ್ಲಿಷು ಉಪಯೋಗಕ್ಕೆ ಬಾರದು, ಪದವಿಯೂ ಉಪಯೋಗಕ್ಕೆ ಬಾರದು. ಎದುರಿನವರ ಮಾತಿನಲ್ಲಿಯೇ ತನ್ನ ಉದ್ದೇಶವನ್ನು ತಿಳಿಯಾಗಿ ಹೇಳಿ ವಿಶ್ವಾಸ ಗಳಿಸಬೇಕು. ಒಂದು ಮನೆಯಲ್ಲಿ ಆಗದಿದ್ದರೆ ಮತ್ತೊಂದು ಮನೆಯ ಬಾಗಿಲಿಗೆ ಹೋಗಬೇಕು. ಹೀಗೆ ವರ್ಷಾನುವರ್ಷ ತಿರುಗಿ ಅವರು ನೂರಾರು ಕಟ್ಟುಗಳನ್ನು ಕೂಡಿಸಿದರು.

ಕೂಡಿಸಿದ ಮೇಲೆ ಮಾಡಿದ ಕೆಲಸದಲ್ಲಿ ವಕೀಲನ ಕೈಗುಣ ಎದ್ದು ಕಾಣುತ್ತದೆ. ಒಂದು ಪ್ರತಿಯನ್ನು ಇನ್ನೊಂದು ಪ್ರತಿಯೊಡನೆ ಹೋಲಿಸುವುದು, ಭಿನ್ನವಾದ ಪಾಠಗಳನ್ನು ತೂಗಿ ನೋಡುವುದು, ಚದುರಿದ ಸಾಮಗ್ರಿಯನ್ನು ವಿಷಯವಾರು ಜೋಡಿಸುವುದು ಸಾಕ್ಷಿಗಳನ್ನು ಪರೀಕ್ಷಿಸುವ ರೀತಿಯದೇ ಅಲ್ಲವೇ? ಅವರು ಕಲಿತ ಕಾನೂನು ಕೋರ್ಟಿನ ಕಟ್ಟಡದೊಳಗೇ ಉಳಿಯಲಿಲ್ಲ. ಇನ್ನೂರಕ್ಕೂ ಮೀರಿದ ವಚನಕಾರರು ಬೆಳಕಿಗೆ ಬಂದದ್ದು ಇಂತಹ ದುಡಿಮೆಯಿಂದ.

ತಿರಸ್ಕಾರವೂ ಅವರಿಗೆ ತಪ್ಪಲಿಲ್ಲ. ವಚನಶಾಸ್ತ್ರಸಾರದ ಹಸ್ತಪ್ರತಿಯನ್ನು ಸಿದ್ಧಪಡಿಸಿ ಮಂಗಳೂರಿನ ಮುದ್ರಣಾಲಯವೊಂದಕ್ಕೆ ಕಳುಹಿಸಿದರು. ಅವರು ಅಚ್ಚು ಮಾಡದೆ ಅದನ್ನು ಹಿಂದಿರುಗಿಸಿದರು. ಎಷ್ಟೋ ವರ್ಷಗಳ ದುಡಿಮೆಯನ್ನು ಹೀಗೆ ಹಿಂದಕ್ಕೆ ಪಡೆದವನಿಗೆ ಕೈಚೆಲ್ಲಿ ಕೂಡುವುದು ಸುಲಭ. ಹಳಕಟ್ಟಿಯವರು ಅದನ್ನು ಬೆಳಗಾವಿಯಲ್ಲಿ ಮುದ್ರಿಸಿ ೧೯೨೩ರಲ್ಲಿ ಮೊದಲನೆಯ ಭಾಗವನ್ನು ಹೊರತಂದರು. ಇತರರ ಮುದ್ರಣಾಲಯವನ್ನು ನಂಬಿ ಕೂಡಲಾಗದೆಂದು ತಮ್ಮ ಮನೆಯನ್ನೇ ಮಾರಿ ೧೯೨೫ರಲ್ಲಿ ಬಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. ೧೯೨೬ರಲ್ಲಿ ಶಿವಾನುಭವ ಪತ್ರಿಕೆಯನ್ನೂ, ೧೯೨೭ರಲ್ಲಿ ನವಕರ್ನಾಟಕ ವಾರಪತ್ರಿಕೆಯನ್ನೂ ಆರಂಭಿಸಿದರು. ೧೯೨೬ರಲ್ಲಿ ಬಳ್ಳಾರಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪದವಿಯು ಅವರನ್ನು ಹುಡುಕಿಕೊಂಡು ಬಂದಿತು.

ಸಾರ್ವಜನಿಕ ಕಾರ್ಯದಲ್ಲಿಯೂ ಅವರು ಹಿಂದೆ ಬೀಳಲಿಲ್ಲ. ೧೯೧೦ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯನ್ನೂ, ೧೯೧೨ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕನ್ನೂ ಕಟ್ಟುವುದರಲ್ಲಿ ಮುಂದಾಳಾದರು. ೧೯೨೦ರಲ್ಲಿ ಮುಂಬಯಿ ಶಾಸನ ಸಭೆಯ ಸದಸ್ಯರಾದರು. ಬರಗಾಲದ ನಾಡೆನಿಸಿದ್ದ ನಮ್ಮ ಜಿಲ್ಲೆಗೆ ಶಾಲೆಯೂ ಬೇಕು, ಬಡವನಿಗೆ ಸಾಲ ಸಿಕ್ಕುವ ಬ್ಯಾಂಕೂ ಬೇಕೆಂದು ಅವರು ಕಂಡಿದ್ದರು. ಸಂಸ್ಥೆಗಳನ್ನು ಕಟ್ಟಲು ನಿಯಮಾವಳಿ, ನೋಂದಣಿ, ಲೆಕ್ಕಪತ್ರಗಳನ್ನು ಬಲ್ಲವರು ಬೇಕು. ಇಲ್ಲಿಯೂ ಅವರ ಕಾನೂನು ಜ್ಞಾನ ವ್ಯರ್ಥವಾಗಲಿಲ್ಲ.

ಇಷ್ಟು ಹೇಳಿ ಅವರ ಬಡತನವನ್ನು ಮರೆಮಾಚುವುದು ಸರಿಯಲ್ಲ. ವಚನದ ಕೆಲಸ ಹೆಚ್ಚಿದಂತೆ ವಕೀಲಿಯ ಆದಾಯ ಕುಗ್ಗಿತು. ಸ್ವಂತ ಮನೆ ಹೋಗಿ ಬಾಡಿಗೆಯ ಮನೆಯ ವಾಸ ಬಂದಿತು. ಹಳೆಯ ಸೈಕಲ್ಲು, ಹರಿದ ಕೋಟು ಅವರ ಕೊನೆಯವರೆಗಿನ ಸಂಗಾತಿಗಳಾದವು. ಈ ಕಷ್ಟವನ್ನು ಪತ್ನಿ ಭಾಗೀರಥಿಬಾಯಿಯವರೂ ಮಕ್ಕಳೂ ಅವರೊಡನೆ ಉಂಡರು. ನಮ್ಮಲ್ಲಿ ಎಷ್ಟೋ ಜನರ ಮನೆಗಳಲ್ಲಿ ಮಾರಲು ಮನೆಯೂ ಇಲ್ಲ. ತಂದೆತಾಯಿಗಳು ನಮ್ಮ ಮೊದಲ ಸಂಬಳದ ದಾರಿ ಕಾಯುತ್ತಿದ್ದಾರೆ. ಆದುದರಿಂದ ಎಲ್ಲರೂ ಹಳಕಟ್ಟಿಯವರಂತೆ ಸರ್ವಸ್ವವನ್ನೂ ತೆರಬೇಕೆಂದು ನಾನು ಹೇಳಲಾರೆ. ಹಾಗೆ ಹೇಳುವ ಅಧಿಕಾರ ನನಗಿಲ್ಲ. ಅವರೂ ಮೊದಲ ದಿನವೇ ವಕೀಲಿಯನ್ನು ಬಿಟ್ಟವರಲ್ಲ. ಅನೇಕ ವರ್ಷಗಳವರೆಗೆ ಅವರ ಮನೆಗೂ ಅವರ ಸಂಶೋಧನೆಗೂ ಅನ್ನವಿಟ್ಟದ್ದು ವಕೀಲಿಯೇ ಎಂಬುದನ್ನು ನೆನೆಯಬೇಕು.

ನಾವು ತೆಗೆದುಕೊಳ್ಳಬಹುದಾದದ್ದು ಅವರ ಸಿದ್ಧತೆಯ ಬಗೆ. ಸಂದರ್ಶನಕ್ಕೆ ಹೋಗುವ ಕಾನೂನು ವಿದ್ಯಾರ್ಥಿಯು ತನ್ನ ಅರ್ಜಿಯನ್ನು ಕಡತವೆಂದು ಭಾವಿಸಲಿ. ಅದರಲ್ಲಿ ಬರೆದ ಒಂದೊಂದು ಮಾತಿಗೂ ಸಾಕ್ಷಿ ಇರಲಿ. ನ್ಯಾಯಾಲಯಕ್ಕೆ ಹೋಗಿ ವಿಚಾರಣೆ ನೋಡಿದ್ದೇನೆಂದು ಬರೆದಿದ್ದರೆ, ಯಾವ ಬಗೆಯ ಪ್ರಕರಣ, ವಾದ ಏನು, ತೀರ್ಪಿಗೆ ಆಧಾರವೇನು ಎಂಬುದನ್ನು ಐದು ವಾಕ್ಯಗಳಲ್ಲಿ ಹೇಳುವಂತಿರಲಿ. ಹೋಗುವ ಕಚೇರಿಯಲ್ಲಿ ಭೂಮಿಯ ವ್ಯಾಜ್ಯಗಳು ಹೆಚ್ಚೋ ಬ್ಯಾಂಕಿನ ಪ್ರಕರಣಗಳು ಹೆಚ್ಚೋ ಎಂಬುದನ್ನು ಮೊದಲೇ ವಿಚಾರಿಸಿ ಆ ಕಾಯಿದೆಗಳನ್ನು ಓದಿಕೊಳ್ಳಲಿ. ತಿಳಿಯದ ಕಲಮನ್ನು ಕೇಳಿದರೆ ತಿಳಿಯದೆಂದು ಒಪ್ಪಿ, ಎಲ್ಲಿ ಹುಡುಕುವೆನೆಂಬುದನ್ನು ಹೇಳಲಿ. ಸುಳ್ಳು ಸಾಕ್ಷಿಯು ಪಾಟೀಸವಾಲಿನಲ್ಲಿ ನಿಲ್ಲುವುದಿಲ್ಲವೆಂದು ಕಾನೂನು ಓದಿದವನಿಗೆ ಬೇರೆ ಹೇಳಬೇಕೆ? ಇಂಗ್ಲಿಷು ತಡವರಿಸಿದರೆ ಅಂಜದಿರಲಿ. ಅದನ್ನು ದಿನವೂ ಅಭ್ಯಾಸ ಮಾಡಲಿ. ಆದರೆ ಹೊಲದ ಕಾಗದ ಹಿಡಿದು ಬಂದ ರೈತನಿಗೆ ಅವನ ಹಕ್ಕನ್ನು ಕನ್ನಡದಲ್ಲಿ ಬಿಡಿಸಿ ಹೇಳಬಲ್ಲ ಶಕ್ತಿಯೂ ಒಂದು ಯೋಗ್ಯತೆಯೆಂದು ಅರಿತಿರಲಿ. ಒಂದು ಕಡೆ ಬೇಡವೆಂದರೆ, ಮಂಗಳೂರಿನಿಂದ ಹಿಂದಿರುಗಿದ ಹಸ್ತಪ್ರತಿಯನ್ನು ನೆನೆಯಲಿ.

೧೯೫೬ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಹಳಕಟ್ಟಿಯವರಿಗೆ ಗೌರವ ಡಾಕ್ಟರೇಟ್ ನೀಡಿತು. ೧೯೬೪ರ ಜೂನ್ ೨೯ರಂದು ಅವರು ತೀರಿಕೊಂಡರು. ಅವರು ಕಟ್ಟಲು ದುಡಿದ ವಿದ್ಯಾಸಂಸ್ಥೆಯು ವಿಜಯಪುರದಲ್ಲಿ ಇಂದು ದೊಡ್ಡದಾಗಿ ಬೆಳೆದಿದೆ. ಅಲ್ಲಿನ ಇಂಜಿನಿಯರಿಂಗ್ ಕಾಲೇಜಿಗೆ ಅವರ ಹೆಸರಿದೆ. ಕೆಲಸ ಕೇಳಿಕೊಂಡು ಆ ಪಟ್ಟಣಕ್ಕೆ ಹೋಗುವ ನಮ್ಮ ಕಡೆಯ ತರುಣತರುಣಿಯರು, ತಮ್ಮ ಹೆಸರನ್ನು ಕೂಗುವವರೆಗೆ ಬಾಗಿಲ ಹೊರಗೆ ಕಾಯುವಾಗ, ಜಗುಲಿಯ ಮುಂದೆ ತಾಳೆಗರಿಯ ಕಟ್ಟಿಗಾಗಿ ಕಾದು ಕುಳಿತಿದ್ದ ಆ ವಕೀಲರನ್ನು ಒಮ್ಮೆ ನೆನೆದು ಒಳಗೆ ಹೋಗಲಿ.